ಗುಟ್ಟಾಗಿ ದಿವಾಳಿಯಾದದ್ದು

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರು ಬೈಲಹೊಂಗಲ ತಾಲೂಕಿನಲ್ಲೇ ಇಲ್ಲ ಎಂದು ಆಗ ನಾನು ನಂಬಿದ್ದೆ. ಕೇಬಲ್ ಟಿ.ವಿ. ಬಂದು ನನ್ನ ವಿಡಿಯೋ ಕ್ಯಾಸೆಟ್ ಅಂಗಡಿ ನೆಲ ಕಚ್ಚಿತ್ತು. ಸಾಲ ತೀರಿಸುವ ದಾರಿ ಕಾಣದೆ ಬೆಳಗಾವಿಯ ವಕೀಲರೊಬ್ಬರನ್ನು ಹಿಡಿದು ಕೋರ್ಟಿಗೆ ದಿವಾಳಿ ಅರ್ಜಿ ಹಾಕಲು ಹೊರಟೆ. ಓಣಿಯಲ್ಲಿ ನನಗೆ ಉಳಿದಿದ್ದ ಆಸ್ತಿ ಎಂದರೆ ಮರ್ಯಾದೆ ಒಂದೇ. ಅದಕ್ಕೇ ಹೆಂಡತಿ ಶಾಂತಾಳಿಗೂ ನಿಜ ಹೇಳಲಿಲ್ಲ. ಡಾಕ್ಟರಿಗೆ ಹೊಟ್ಟೆ ತೋರಿಸಿಕೊಂಡು ಬರುತ್ತೇನೆ ಎಂದೆ. ದಾರಿಯಲ್ಲಿ ನೇಸರಗಿಯಲ್ಲಿ ಬಸ್ಸು ನಿಂತಾಗ ಗುರುತಿನವರು ಹತ್ತಿಯಾರೆಂದು ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡೆ.

ಮುಂದಿನ ಸಲವೂ ಹೊಟ್ಟೆಯನ್ನೇ ಮುಂದೆ ಮಾಡಿದೆ. ಅದರ ಮುಂದಿನ ಸಲ ಶಾಂತಾ ಏನೂ ಕೇಳಲೇ ಇಲ್ಲ. ಬುತ್ತಿಗೆ ಮೆತ್ತಗಿನ ಅನ್ನ ಕಟ್ಟಿಕೊಟ್ಟಳು. ಎಷ್ಟು ಸುಲಭವಾಗಿ ನಂಬಿಬಿಟ್ಟಳಲ್ಲ ಎಂದು ಒಳಗೊಳಗೇ ಬೀಗಿದೆ.

ವಕೀಲರಿಗೆ ಫೋನು ಮಾಡಲು ನಮ್ಮ ಓಣಿಯ ರಾಜೇಸಾಬರ ಎಸ್‌ಟಿಡಿ ಬೂತಿಗೆ ಹೋಗುತ್ತಿದ್ದೆ. ಅಲ್ಲಿನ ಗಾಜಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಆದರೆ ನಾನು ಜಾಣ! ಸಾಲ, ಕೋರ್ಟು, ದಿವಾಳಿ ಎಂಬ ಶಬ್ದಗಳು ಬಾಯಿಂದ ಬೀಳದಂತೆ ನೋಡಿಕೊಂಡು, "ಇನ್ನ ಎಷ್ಟು ದಿನಾರೀ ಸರ್? ಎಲ್ಲಾ ಮುಗದಮ್ಯಾಲ ಹೆಂಡತಿಗೆ ತ್ರಾಸ ಆಗೂದಿಲ್ಲಲ್ರೀ?" ಎಂದು ಮೆಲ್ಲಗೆ ಕೇಳಿದೆ. ಹೊರಗೆ ಬಂದರೆ ರಾಜೇಸಾಬರು ಬಿಲ್ಲಿನ ದುಡ್ಡು ಮುಟ್ಟಲಿಲ್ಲ. ನನ್ನ ಕೈ ಹಿಡಿದುಕೊಂಡು ರಸ್ತೆಯ ತನಕ ಬಂದು ಬಿಟ್ಟರು.

ಆಮೇಲೆ ಓಣಿಯ ರೀತಿಯೇ ಬದಲಾಯಿತು. ನಾನು ಬಂದರೆ ಕಟ್ಟೆಯ ಮೇಲಿನ ಮಾತು ನಿಲ್ಲುತ್ತಿತ್ತು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡು ಕಿಟಕಿಯಿಂದ ನೋಡುತ್ತಿದ್ದರು. ವರ್ಷಗಟ್ಟಲೆ ಕ್ಯಾಸೆಟ್ ಇಟ್ಟುಕೊಂಡು ಮುಖ ತಪ್ಪಿಸುತ್ತಿದ್ದವರು ತಾವಾಗಿಯೇ ತಂದುಕೊಟ್ಟರು. ಅದೂ ರಿವೈಂಡ್ ಮಾಡಿ!

ಸಂಜೆಯಾದರೆ ಜನ ಮನೆಗೆ ಬರತೊಡಗಿದರು. ಬಂದು ಕೂರುವರು, ನನ್ನನ್ನು ನೋಡುವರು, ಆಮೇಲೆ ನೆಲ ನೋಡುವರು. ಚಹಾ ಆರಿ ಕೆನೆಗಟ್ಟಿದರೂ ಕಪ್ಪು ಎತ್ತುತ್ತಿರಲಿಲ್ಲ. ಒಮ್ಮೆ ಕರೆಂಟು ಹೋಯಿತು. ಯಾರೂ ಮಿಸುಕಲಿಲ್ಲ. ಕತ್ತಲಲ್ಲಿ ಅವರೆಲ್ಲರ ಉಸಿರು ಮಾತ್ರ ಕೇಳುತ್ತಿತ್ತು. ನನಗೆ ಸಾಲ ಕೊಟ್ಟಿದ್ದ ಅರಿವೆ ಅಂಗಡಿಯ ಬಸಪ್ಪನವರೂ ಬಂದರು. ಸಿಕ್ಕಿಬಿದ್ದೆ ಎಂದುಕೊಂಡೆ. ಅವರು ಸಾಲದ ಮಾತೇ ಎತ್ತದೆ ನನ್ನ ಬೆನ್ನು ಸವರಿ ಎದ್ದರು. ಫೋಟೋ ಸ್ಟುಡಿಯೋದ ಈರಣ್ಣ ಕ್ಯಾಮೆರಾ ಸಮೇತ ಬಂದು ನನ್ನನ್ನು ಬೆಳಕಿಗೆ ಕೂರಿಸಿ, "ಸ್ವಲ್ಪ ನಗ್ರಿ ಅಣ್ಣಾರ, ದೊಡ್ಡದು ಮಾಡಸೂದೈತಿ" ಎಂದ. ಯಾಕೆ ಎಂದರೆ ಲೆನ್ಸು ಒರೆಸತೊಡಗಿದ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಅವರು ಎದ್ದುಹೋಗುವ ರೀತಿ. ಒಬ್ಬರಾದರೂ "ಬರತೇನ್ರಿ" ಅನ್ನುತ್ತಿರಲಿಲ್ಲ. ನಮ್ಮ ಕಡೆ ಆ ಮಾತು ಹೇಳದೆ ಏಳುವುದು ಒಂದೇ ಮನೆಯಿಂದ. ಸಾವಾದ ಮನೆಯಿಂದ. ಕೈ ಚಿವುಟಿಕೊಂಡು ನೋಡಿದೆ. ನೋವಾಯಿತು, ಸ್ವಲ್ಪ ಸಮಾಧಾನವಾಯಿತು.

ಅಡುಗೆಮನೆಗೆ ಓಡಿದೆ. ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

"ನನಗರ ಖರೇ ಹೇಳ್ರಿ. ಡಾಕ್ಟರು ಎಷ್ಟು ದಿನ ಅಂದಾರ?"

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವಳು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ನಕ್ಕಳು, ಅತ್ತಳು, ಕೊನೆಗೆ ಬೆನ್ನಿಗೊಂದು ಗುದ್ದಿದಳು. ಸಾಯುವುದಿಲ್ಲ ಎಂದರೆ ಸಾಕು, ಉಳಿದದ್ದು ನೋಡಿಕೊಳ್ಳೋಣ ಎಂದಳು. ಹೊರಗೆ ಮಾತ್ರ ಬಾಯಿ ಬಿಡಬೇಡ ಎಂದು ಬೇಡಿಕೊಂಡೆ. ಹೆಂಡತಿಯೊಬ್ಬಳಿಗೆ ಗೊತ್ತಾದರೂ ಓಣಿಯಲ್ಲಿ ನನ್ನ ಮರ್ಯಾದೆ ಭದ್ರವಾಗಿತ್ತು.

ಅರ್ಜಿ ಹಾಕಿದರೆ ಸಾಲ ಕೊಟ್ಟವರಿಗೆಲ್ಲ ಕೋರ್ಟಿನಿಂದ ನೋಟಿಸು ಹೋಗುತ್ತದೆ ಎಂದು ವಕೀಲರು ಮೊದಲ ದಿನವೇ ಹೇಳಿದ್ದರಂತೆ. ಗುಟ್ಟಿನ ಯೋಚನೆಯಲ್ಲಿ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ!

ಬಸಪ್ಪನವರು ನೋಟಿಸು ಹಿಡಿದು ಬಾಗಿಲಲ್ಲಿ ನಿಂತರು. ಹಿಂದೆ ಅರ್ಧ ಓಣಿ ನಿಂತಿತ್ತು. ನಾನು ಕೈಮುಗಿದು, ಅವರ ದುಡ್ಡು ಮುಳುಗಿಸುವ ಮನಸ್ಸು ನನಗಿರಲಿಲ್ಲ ಎಂದು ಶುರು ಮಾಡಿದೆ. ಬೆಳಗಾವಿಗೆ ಹೋಗುತ್ತಿದ್ದದ್ದು ಡಾಕ್ಟರ ಹತ್ತಿರವಲ್ಲ, ವಕೀಲರ ಹತ್ತಿರ ಎಂದೂ ಒಪ್ಪಿಕೊಂಡೆ.

"ನೀವು ಸಾಯ್ತೀರಿ ಅಂತ ಆ ಸಾಲ ನಾ ಎಂದೋ ಬಿಟ್ಟಿದ್ದೆ," ಎಂದರು ಬಸಪ್ಪನವರು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು. "ಈಗ ಮತ್ತ ಕೇಳಬೇಕಾತಲ್ರೀ."

ಕೋರ್ಟಿಗೆ ಹೋಗದೆ ಮನೆಯಲ್ಲೇ ನರಳುತ್ತ ಮಲಗಿದ್ದರೆ ಸಾಲವೂ ತೀರುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ನಾನು ದಿವಾಳಿಯಾದರೂ ಏಕೆ ಆಗುತ್ತಿದ್ದೆ!