ಕೆಟಲಿನ ಹಿಡಿಕೆ ಹಿಡಿದ ವಕೀಲರು

ಪತ್ರಿಕೆಯ ಮೂರನೇ ಪುಟದಲ್ಲಿ ತಮ್ಮ ಹಳೆಯ ಜೂನಿಯರ್ ವಕೀಲೆಯ ಫೋಟೋ ಅಂಗೈಯಗಲ ಬಂದಿರುವುದನ್ನು ಕಂಡಾಗ ವಕೀಲರ ಕೈಲಿದ್ದ ಚಹಾ ತುಳುಕಿ ಅಂಗಿಯ ಮೇಲೆ ಚೆಲ್ಲಿತು. ಬಿಸಿ ತಾಗಿದ್ದೇ ಅವರಿಗೆ ಗೊತ್ತಾಗಲಿಲ್ಲ. ಒಳಗೆ ಹತ್ತಿದ ಉರಿಯ ಮುಂದೆ ಅದೇನು ಮಹಾ!

ಮೂರು ವರ್ಷ ಅವಳು ಅವರ ಆಫೀಸಿನಲ್ಲಿ ಫೈಲು ಹೊತ್ತವಳು. ನೋಟಿಸು ಬರೆಯುವಾಗ ಎಲ್ಲಿ ಗದರಬೇಕು, ಎಲ್ಲಿ ಬೇಡಿಕೊಳ್ಳಬೇಕು ಎಂದು ಹೇಳಿಕೊಟ್ಟವರೇ ಇವರು. ಈಗ ನೋಡಿದರೆ ಅರ್ಧ ಪುಟದ ಲೇಖನ. ಊರಲ್ಲಿ ಮನೆಮನೆಗೂ ಹೋಗಿರುವ ಕೆಂಪು ಕರೆಂಟು ಕೆಟಲಿನ ಹಿಡಿಕೆ ಬಿಸಿಗೆ ಸಡಿಲಗೊಂಡು ಕಳಚಿಕೊಳ್ಳುತ್ತದೆ, ಇಬ್ಬರ ಕಾಲು ಬೆಂದಿದೆ, ಕೂಡಲೇ ಬಳಕೆ ನಿಲ್ಲಿಸಿ ಎಂದು ಶುರುವಾಗಿತ್ತು. ಅಷ್ಟರಲ್ಲೇ ವಕೀಲರ ಕಣ್ಣು ಫೋಟೋದ ಕೆಳಗಿದ್ದ ‘ತಜ್ಞೆ’ ಎಂಬ ಪದದ ಮೇಲೆ ಬಿತ್ತು. ಮುಂದೆ ಓದಲಾಗದೆ ಪತ್ರಿಕೆಯನ್ನು ಮಡಿಚಿ ಎಸೆದರು.

“ಎಷ್ಟು ಚೆನ್ನಾಗಿ ಬರೆದಿದ್ದಾಳೆ ಅಲ್ವಾ?” ಎಂದರು ಹೆಂಡತಿ.

“ಹಿಡಿಕೆ ಕಳಚೋದಕ್ಕೂ ಒಬ್ಬ ತಜ್ಞೆ ಬೇಕಾ? ನಾಳೆ ಬಾಗಿಲ ಚಿಲಕಕ್ಕೂ ಒಬ್ಬಳು ಹುಟ್ಕೊಳ್ತಾಳೆ ಬಿಡು!”

ಕೋರ್ಟಿಗೆ ಹೋದರೆ ಅಲ್ಲೂ ಅದೇ. ವಕೀಲರ ಕೊಠಡಿಯಲ್ಲಿ ಹತ್ತು ತಲೆಗಳು ಒಂದೇ ಪತ್ರಿಕೆಯ ಮೇಲೆ ಬಾಗಿದ್ದವು. ಯಾವ ಕೇಸಿಗೂ ವಾಯಿದೆ ಕೇಳದೆ ಬಿಡದ ಕಾರಣ ‘ವಾಯಿದೆ ವಕೀಲ’ ಎಂದೇ ಹೆಸರಾದ ಗೆಳೆಯ ಮೊದಲು ಬಾಯಿ ತೆರೆದ.

“ಏನ್ ಸಾರ್, ಶಿಷ್ಯೆ ನಿಮ್ಮನ್ನೇ ಮೀರಿಸಿಬಿಟ್ಲಲ್ಲ! ಸಂಜೆ ವಾರ್ತೆಗೆ ಕೇಬಲ್ ಟಿವಿಯವನು ಬೇರೆ ಬರ್ತಿದ್ದಾನಂತೆ.”

ಟಿವಿ ಎಂಬ ಮಾತು ಗಾಯಕ್ಕೆ ಖಾರ ಸವರಿದಂತಾಯಿತು. ಮೂವತ್ತು ವರ್ಷದ ವಕೀಲಿಕೆಯಲ್ಲಿ ಅವರು ಟಿವಿಯಲ್ಲಿ ಕಂಡದ್ದು ಒಂದೇ ಸಲ. ಅದೂ ಮೊಣಕೈ ಮಾತ್ರ.

“ನಮ್ಮನೇಲೂ ಅದೇ ಕೆಂಪು ಕೆಟಲ್ ಇದೆ ಕಣ್ರೀ,” ಎಂದು ಗುಡುಗಿದರು. “ದಿನಾ ಎರಡು ಹೊತ್ತು ನೀರು ಕಾಯಿಸ್ತೀವಿ. ಹಿಡಿಕೆ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಜನರನ್ನ ಹೆದರಿಸಿ ಹೆಸರು ಮಾಡ್ಕೊಳ್ಳೋದು ವಕೀಲಿಕೇನಾ?”

“ಹಾಗಾದ್ರೆ ತಂದು ತೋರಿಸಿ.”

“ನಾಳೆ ತರ್ತೀನಿ.”

“ನಾಳೆ ಯಾಕೆ? ಈಗಲೇ ತನ್ನಿ!” ಜೀವಮಾನವಿಡೀ ವಾಯಿದೆ ಕೇಳಿದ ಮನುಷ್ಯ ಇವತ್ತು ಅರ್ಧ ದಿನದ ವಾಯಿದೆಯನ್ನೂ ಕೊಡಲಿಲ್ಲ.

ವಕೀಲರು ಮನೆಗೆ ಓಡಿದರು. ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಸದ್ದಾಗದಂತೆ ಅಡುಗೆಮನೆಗೆ ನುಗ್ಗಿ, ಕೆಟಲನ್ನು ಕರಿಕೋಟಿನೊಳಗೆ ಅಡಗಿಸಿಕೊಂಡು ಹೊರಬಿದ್ದರೆ, ಗೇಟಿನ ಬಳಿಯೇ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು!

“ಇದೇನು ವಕೀಲರೇ, ಬೆಳಿಗ್ಗೆ ಇಲ್ಲದ ಹೊಟ್ಟೆ ಮಧ್ಯಾಹ್ನಕ್ಕೆ ಬಂದಿದೆ?”

“ಗ್ಯಾಸು, ಮೇಷ್ಟ್ರೇ.”

“ಗ್ಯಾಸಿಗೆ ಮೂತಿ ಬೇರೆ ಇದೆಯಲ್ಲ!”

ಕೋಟಿನ ಗುಂಡಿಗಳ ಸಂದಿನಿಂದ ಕೆಟಲಿನ ಮೂತಿ ಬಾತುಕೋಳಿಯ ಹಾಗೆ ಇಣುಕುತ್ತಿತ್ತು. ಮೇಷ್ಟ್ರು ಬೆನ್ನುಹತ್ತಿದರು. ದಾರಿಯಲ್ಲಿ ಕ್ಷೌರದಂಗಡಿಯವನೂ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೂ ಸೇರಿಕೊಂಡರು. ಕೋರ್ಟು ಮುಟ್ಟುವ ಹೊತ್ತಿಗೆ ಅದೊಂದು ಮೆರವಣಿಗೆಯಾಗಿತ್ತು.

ಕೇಬಲ್ ಟಿವಿಯವನು ಕ್ಯಾಮೆರಾ ಹಿಡಿದು ತಯಾರಾಗಿದ್ದ. ವಕೀಲರು ನೀರು ತುಂಬಿ ಸ್ವಿಚ್ಚು ಒತ್ತಿದರು. ಢಬ್ ಎಂದು ಫ್ಯೂಸು ಹೋಯಿತು. ಪಕ್ಕದ ಕೋರ್ಟು ಹಾಲಿನಲ್ಲಿ ಫ್ಯಾನುಗಳೆಲ್ಲ ನಿಂತು, ಸೆಕೆಗೆ ಸಿಡಿದ ನ್ಯಾಯಾಧೀಶರ ಮೇಜಿನ ಗಂಟೆ ಎಡೆಬಿಡದೆ ಮೊಳಗತೊಡಗಿತು. ಜವಾನ ಓಡಿಬಂದು ಬೈದು, ಫ್ಯೂಸು ಕಟ್ಟಿ, ತಾನೂ ನೋಡಲು ನಿಂತ.

ಎರಡನೇ ಸಲ ನೀರು ಗುಯ್‌ಗುಡತೊಡಗಿತು. ನೀರು ಕಾದಂತೆಲ್ಲ ವಕೀಲರ ಧೈರ್ಯ ಆವಿಯಾಗುತ್ತ ಬಂತು. ಅವಳು ಮೂರು ವರ್ಷದಲ್ಲಿ ಒಂದಕ್ಷರ ಸುಳ್ಳು ಬರೆದವಳಲ್ಲ. ಅದು ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಮೆಲ್ಲಗೆ ಕರ್ಚೀಫು ತೆಗೆದು ಕೈಗೆ ಸುತ್ತಿಕೊಂಡರು.

“ಕರ್ಚೀಫು ಬೇಡ ಸಾರ್, ಬರಿಗೈಲಿ ಎತ್ತಿ!” ಎಂದ ಕ್ಯಾಮೆರಾದವನು.

ಮೇಷ್ಟ್ರು ಬೀರುವಿನ ಹಿಂದೆ ಸರಿದರು. ಅರ್ಧ ಗಡ್ಡದವನು ಮೇಷ್ಟ್ರ ಹಿಂದೆ. ವಕೀಲರು ಕಣ್ಣು ಮುಚ್ಚಿ, ಕಾಲುಗಳನ್ನು ಆದಷ್ಟು ದೂರವಿಟ್ಟು, ಕೆಟಲನ್ನು ಎತ್ತಿದರು.

ಹಿಡಿಕೆ ಜಪ್ಪಯ್ಯ ಅನ್ನಲಿಲ್ಲ!

ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಎತ್ತಿದರು, ಇಳಿಸಿದರು, ಕೊಠಡಿಯನ್ನು ಎರಡು ಸುತ್ತು ಹಾಕಿದರು, ಎಂಟು ಲೋಟಕ್ಕೆ ಚಹಾದ ನೀರು ಬಗ್ಗಿಸಿದರು. ಕ್ಯಾಮೆರಾದ ಮುಂದೆ ಕೆಟಲನ್ನು ಎದೆಮಟ್ಟಕ್ಕೆ ಹಿಡಿದು, “ಎಲ್ಲಿದೆ ಸ್ವಾಮಿ ಅಪಾಯ?” ಎಂದು ಕೇಳಿದರು. ಚಪ್ಪಾಳೆಯೋ ಚಪ್ಪಾಳೆ.

ಅಷ್ಟರಲ್ಲಿ ಅವಳು ಒಳಗೆ ಬಂದಳು.

“ಬಾಮ್ಮಾ, ಬಾ,” ಎಂದರು ವಕೀಲರು. “ನಿನ್ನ ಅಪಾಯದಲ್ಲೇ ಎಲ್ಲರೂ ಚಹಾ ಕುಡೀತಿದ್ದಾರೆ. ನೀನೂ ಒಂದು ಲೋಟ ತಗೋ.”

ಅವಳು ಕೆಟಲನ್ನು ಮೇಲೆತ್ತಿ ತಳ ನೋಡಿದಳು. ಮುಖ ಅರಳಿತು.

“ಸಾರ್, ತಳದಲ್ಲಿ ಹಸಿರು ಚುಕ್ಕೆ ಇದೆ ನೋಡಿ. ಇದು ಕಂಪನಿಯವರು ಬದಲಾಯಿಸಿಕೊಟ್ಟ ಹೊಸದು. ಲೇಖನದ ಕೊನೇಲಿ ಬರೆದಿದ್ದೀನಲ್ಲ, ಓದಲಿಲ್ವಾ? ನೋಟಿಸು ಕೊಟ್ಟು ನಾಲ್ಕು ತಿಂಗಳು ಗುದ್ದಾಡಿದ ಮೇಲೆ ಒಪ್ಕೊಂಡ್ರು. ನಿಮ್ಮನೆ ಹಳೇ ಕೆಟಲಿನ ಹಿಡಿಕೆ ಕಿತ್ತುಬಂದು, ನಿಮ್ಮನೆಯವರ ಕಾಲು ಸ್ವಲ್ಪದರಲ್ಲಿ ಉಳೀತಂತೆ. ಮೊನ್ನೆ ನನ್ನ ಹತ್ರ ಬಂದು ಬದಲಾಯಿಸ್ಕೊಂಡು ಹೋದ್ರು.”

ವಕೀಲರು ಬಗ್ಗಿ ತಳದ ಹಸಿರು ಚುಕ್ಕೆಯನ್ನು ನೋಡಿದರು. “ನನಗ್ಯಾಕೆ ಹೇಳಲಿಲ್ಲ ಅವಳು?”

“ನನ್ನ ಹೆಸರೆತ್ತಿದ್ರೆ ನಿಮಗೆ ಬಿ.ಪಿ. ಏರುತ್ತಂತೆ ಸಾರ್.” ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. “ಜನ ಹೊಸದನ್ನೂ ಮುಟ್ಟೋಕೆ ಹೆದರ್ತಿದ್ರು. ಇವರಿಗೆ ಹೇಗೆ ಧೈರ್ಯ ತುಂಬೋದು ಅಂತ ಯೋಚಿಸ್ತಿದ್ದೆ. ನೀವೇ ಎಲ್ಲರೆದುರಿಗೆ ಎತ್ತಿ ತೋರಿಸಿಬಿಟ್ರಿ. ತುಂಬಾ ಉಪಕಾರ ಆಯ್ತು ಸಾರ್.”

ಸಂಜೆ ಹೆಂಡತಿ ನೆರೆಹೊರೆಯವರನ್ನೆಲ್ಲ ಕರೆದು ಟಿವಿಯ ಮುಂದೆ ಕೂರಿಸಿದ್ದರು. ವಕೀಲರು ತಲೆನೋವೆಂದು ಒಳಗೆ ಮಲಗಿದವರು, ವಾರ್ತೆಯ ಸಂಗೀತ ಕೇಳಿದ್ದೇ ತಡೆಯಲಾರದೆ ಬಾಗಿಲ ಬಳಿ ಬಂದು ನಿಂತರು. ಮೊದಲು ಅವಳು ಮಾತಾಡಿದಳು. ಆಮೇಲೆ ಕೆಟಲ್ ಹಿಡಿದ ಇವರ ಮುಖ ತೆರೆಯ ತುಂಬ ಬಂತು. ಬಾಯಿ ಅಲ್ಲಾಡುತ್ತಿತ್ತು, ದನಿ ಮಾತ್ರ ಅವಳದೇ. ‘ಬದಲಾಯಿಸಿಕೊಂಡ ಕೆಟಲನ್ನು ನಿಶ್ಚಿಂತೆಯಿಂದ ಬಳಸಿ.’

“ಅಯ್ಯೋ, ಎಷ್ಟು ಲಕ್ಷಣವಾಗಿ ಕಾಣ್ತಿದ್ದೀರ ರೀ!” ಎಂದರು ಹೆಂಡತಿ.

ವಕೀಲರು ಕನ್ನಡಕ ಏರಿಸಿ, ತಮ್ಮ ಮುಖದ ಕೆಳಗೆ ಹಾಕಿದ್ದ ಅಕ್ಷರಗಳನ್ನು ಓದಿದರು. ಅವರ ಹೆಸರಿರಲಿಲ್ಲ, ವಕೀಲ ಎಂದೂ ಇರಲಿಲ್ಲ. ‘ಸಂತೃಪ್ತ ಗ್ರಾಹಕ’ ಎಂದಷ್ಟೇ ಇತ್ತು.