ಹಿಟ್ಟು ರುಬ್ಬದ ಗ್ರೈಂಡರು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಯಾವುದಾದರೊಂದು ಚಟ ಹತ್ತಿಕೊಳ್ಳುತ್ತದೆ. ಕೆಲವರು ಬೆಳಿಗ್ಗೆ ಎದ್ದು ನಡೆಯುತ್ತಾರೆ, ಕೆಲವರು ಗುರುತಿನವರಿಗೆಲ್ಲ ಮೊಬೈಲಿನಲ್ಲಿ ಶುಭೋದಯ ಕಳಿಸುತ್ತಾರೆ. ನನ್ನ ಚಟ ಇವೆರಡಕ್ಕಿಂತ ಭಾರವಾದದ್ದು. ಅದನ್ನು ವಾಹನದಿಂದ ಇಳಿಸಲು ನಾಲ್ಕು ಜನ ಹಮಾಲರು ಬೇಕಾದರು. ಕುಮಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ಸಮತಲ ಎಂದರೆ ಏನೆಂದು ನೂರಾರು ಸಲ ಬೋರ್ಡಿನ ಮೇಲೆ ಬರೆದಿದ್ದೇನೆ. ಆ ಬೋರ್ಡಿಗೇ ನಡುವೆ ಸಣ್ಣ ಹೊಟ್ಟೆಯಿತ್ತು. ನಿಜವಾಗಿ ಸಪಾಟಾದ ವಸ್ತುವೊಂದನ್ನು ಮುಟ್ಟಿ ನೋಡದೆಯೇ ಪಿಂಚಣಿ ಬರತೊಡಗಿತು. ಹಾಗಾಗಿ ಮನೆಯ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣ ಕಡೆಯುವ ಪುಟ್ಟ ಲೇತು ಇಟ್ಟುಕೊಂಡು ಕೈಕಪ್ಪು ಮಾಡಿಕೊಳ್ಳುತ್ತಿದ್ದ ನನಗೆ ಸರ್ಫೇಸ್ ಗ್ರೈಂಡರಿನ ಆಸೆ ಹುಟ್ಟಿತು. ಕಬ್ಬಿಣದ ತುಂಡನ್ನು ಅಯಸ್ಕಾಂತದ ಮೇಜಿಗೆ ಕಚ್ಚಿಸಿ, ಗಿರ್ರನೆ ತಿರುಗುವ ಸಾಣೆಚಕ್ರದ ಕೆಳಗೆ ಆಚೆ ಈಚೆ ಓಡಿಸಿ, ಕೂದಲೆಳೆಯಷ್ಟೂ ಏರುಪೇರಿಲ್ಲದಂತೆ ಉಜ್ಜುವ ಯಂತ್ರ ಅದು. ಹೆಂಡತಿ ವಿಮಲಾಗೆ ಇದನ್ನೆಲ್ಲ ವಿವರಿಸಿ ಒಂದು ಕಬ್ಬಿಣದ ಪಟ್ಟಿ ತೋರಿಸಿದೆ. ಅವಳು ಅದರ ಮೇಲೆ ಕೈಯಾಡಿಸಿ, "ಇದು ಈಗ್ಲೇ ಸಪಾಟ ಇದ್ಯಲ್ರಿ, ಇನ್ನೆಂತ ಮಾಡೂದು?" ಎಂದಳು.

ಭಟ್ಕಳದಲ್ಲಿ ದೋಣಿ ಇಂಜಿನ್ನು ರಿಪೇರಿ ಮಾಡುತ್ತಿದ್ದ ಇಸ್ಮಾಯಿಲ್ ಸಾಹೇಬರು ವರ್ಕ್‌ಶಾಪ್ ಮುಚ್ಚುತ್ತಾರೆ, ಅವರಲ್ಲಿ ಅಂಥದ್ದೊಂದು ಹಳೆಯ ಯಂತ್ರವಿದೆ ಎಂದು ಗೊತ್ತಾಗಿ ಹೋದೆ. ಎಪ್ಪತ್ತು ದಾಟಿದ ಬಡಕಲು ಮನುಷ್ಯ. ಮಂಡಿನೋವಿನಿಂದ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಜೀವಮಾನವಿಡೀ ಸದ್ದು ಕೇಳಿ ಕಿವಿಯೂ ಮಂದವಾಗಿತ್ತು. ಗುಜರಿಯವನು ಆಗಲೇ ಬಂದು ನೋಡಿಕೊಂಡು ಹೋಗಿದ್ದನಂತೆ. ಸಾಹೇಬರು ದರದ ಮಾತು ಎತ್ತುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಮಾಸ್ತರ್ರೆ, ಇದನ್ನ ಓಡಿಸ್ತೀರಾ, ಇಲ್ಲ ಸುಮ್ಮನೆ ಇಟ್ಕೊಳ್ತೀರಾ?" ಓಡಿಸುತ್ತೇನೆ ಎಂದು ದೊಡ್ಡ ದನಿಯಲ್ಲಿ ಮಾತು ಕೊಟ್ಟೆ. ಪಿಕಪ್ಪಿಗೆ ಹಗ್ಗ ಬಿಗಿದಾದ ಮೇಲೆ ಅವರು ಕುಂಟುತ್ತ ಬಂದು ಒಂದೊಂದು ಗಂಟನ್ನೂ ಎಳೆದು ನೋಡಿದರು.

ದಾರಿಯಲ್ಲಿ ಹೊನ್ನಾವರದಲ್ಲಿ ಚಹಾಕ್ಕೆ ನಿಂತಾಗ ಪಿಕಪ್ಪಿನ ಚಾಲಕ ಇದು ಗ್ರೈಂಡರು ಎಂದುಬಿಟ್ಟ. ಹೋಟೆಲಿನ ಯಜಮಾನರು ಯಂತ್ರಕ್ಕೆ ಒಂದು ಸುತ್ತು ಬಂದು, ಒಂದೇ ಸಲಕ್ಕೆ ಎಷ್ಟು ಸೇರು ಅಕ್ಕಿ ಹಿಡಿಯುತ್ತದೆ ಎಂದು ವಿಚಾರಿಸಿದರು. ಮನೆ ತಲುಪುವ ಹೊತ್ತಿಗೆ ಸುದ್ದಿ ನನಗಿಂತ ಮುಂದೆ ಹೋಗಿತ್ತು. ಪಕ್ಕದ ಮನೆಯ ಗಂಗಕ್ಕ ದೋಸೆಗೆ ನೆನೆಹಾಕಿದ್ದನ್ನು ಪಾತ್ರೆಯ ಸಮೇತ ತಂದು ಅಂಗಳದಲ್ಲಿ ನಿಂತಿದ್ದರು.

ಆಮೇಲಿನ ಮೂರು ತಿಂಗಳು ನಾನು ಸೀಮೆಎಣ್ಣೆಯ ವಾಸನೆಯಲ್ಲೇ ಉಂಡೆ, ಮಲಗಿದೆ. ಕಡಲಗಾಳಿಗೆ ಹಿಡಿದ ತುಕ್ಕನ್ನು ಉಜ್ಜಿದೆ, ಮೇಜು ಜಾರುವ ಹಳಿಗಳಲ್ಲಿ ಗಟ್ಟಿಯಾಗಿ ಕೂತ ಎಣ್ಣೆಯನ್ನು ಕೆರೆದೆ, ಬೇರಿಂಗು ಬದಲಿಸಿದೆ. ಬಿಚ್ಚಿದ್ದನ್ನೆಲ್ಲ ವಿಮಲಾಳ ಡಬ್ಬಿಗಳಲ್ಲಿ ತುಂಬಿ ಚೀಟಿ ಅಂಟಿಸಿದ್ದೆ. ಒಗ್ಗರಣೆಯ ಸಾಸಿವೆಯಲ್ಲಿ ಉಕ್ಕಿನ ಗುಂಡೊಂದು ಸಿಕ್ಕ ದಿನ ಅವಳು ಅದನ್ನು ತೊಳೆದು, ಒರೆಸಿ, ನನ್ನ ಊಟದ ತಟ್ಟೆಯ ಅಂಚಿನಲ್ಲಿ ಉಪ್ಪಿನಕಾಯಿಯ ಪಕ್ಕ ಬಡಿಸಿದಳು. ಯಾವುದು ಎಲ್ಲಿ ಕೂರಬೇಕೆಂದು ಮರೆತಾಗಲೆಲ್ಲ ಸಾಹೇಬರಿಗೆ ಫೋನು. ಅವರಿಗೆ ಕೇಳಿಸುವಂತೆ ನಾನು ಕೂಗಬೇಕು, ನನಗೆ ತಿಳಿಯುವಂತೆ ಅವರು ಕೂಗಬೇಕು. ನಮ್ಮ ಕೇರಿಯಲ್ಲಿ ಈಗ ಯಾರು ಬೇಕಾದರೂ ಆ ಯಂತ್ರವನ್ನು ಬಿಚ್ಚಿ ಜೋಡಿಸಬಲ್ಲರು.

ಒಂದು ಸಂಗತಿ ಮಾತ್ರ ಯಾರಿಗೂ ಹೇಳಿರಲಿಲ್ಲ. ಬಿಚ್ಚುವಾಗ ಸಾಣೆಚಕ್ರ ಕೈಜಾರಿ ನೆಲಕ್ಕೆ ಬಿದ್ದಿತ್ತು. ಎತ್ತಿ ನೋಡಿದೆ, ಒಡೆದಿರಲಿಲ್ಲ. ದೇವರು ದೊಡ್ಡವನೆಂದುಕೊಂಡು ಒರೆಸಿಟ್ಟೆ.

ಯಂತ್ರ ಚಾಲೂ ಮಾಡುವ ದಿನ ಸಾಹೇಬರು ಭಟ್ಕಳದಿಂದ ರೈಲಿನಲ್ಲಿ ಬಂದರು. ವಿಮಲಾ ಆರತಿ ತಟ್ಟೆ ಹಿಡಿದಿದ್ದಳು. ಚೆನ್ನಾಗಿ ಕಾಣಲಿ ಎಂದು ಅವಳನ್ನು ಚಕ್ರದ ನೇರಕ್ಕೆ ನಾನೇ ನಿಲ್ಲಿಸಿದ್ದೆ. ಗುಂಡಿ ಒತ್ತಲು ಕೈ ಚಾಚಿದಾಗ ಸಾಹೇಬರು ತಡೆದು, "ಚಕ್ರ ಬಡಿದು ನೋಡಿದ್ರಾ?" ಎಂದರು. ಅವರ ಕಡೆಯ ಪೂಜೆಯ ಪದ್ಧತಿಯಿರಬೇಕೆಂದು ನಾನು ಗೌರವದಿಂದ ತಲೆಬಾಗಿ ನಿಂತೆ. ಅವರು ಚಕ್ರ ಬಿಚ್ಚಿಸಿದರು. ಅದರ ತೂತಿನಲ್ಲಿ ಬೆರಳು ತೂರಿಸಿ ಎತ್ತಿ ಹಿಡಿದು, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರು. ಗಂಟೆಯಂತೆ ದನಿ ಬರಬೇಕಾಗಿದ್ದ ಕಲ್ಲು ಒಡಕು ಮಡಕೆಯಂತೆ ಟಪ್ ಎಂದಿತು. ಬೆಳಕಿಗೆ ತಿರುಗಿಸಿದಾಗ ತೂತಿನಿಂದ ಅಂಚಿನವರೆಗೆ ಕೂದಲಿನಂಥ ಬಿರುಕು.

"ಬಿದ್ದಿತ್ತಾ?" ಎಂದರು. ಹೌದೆಂದೆ.

"ತಿರುಗುವಾಗ ಒಡೆದಿದ್ರೆ ತುಂಡು ನೇರ ಅಲ್ಲಿಗೇ ಹೋಗ್ತಿತ್ತು," ಎಂದು ವಿಮಲಾ ನಿಂತ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ವಿಮಲಾ ತಟ್ಟೆಯನ್ನು ಕೆಳಗಿಟ್ಟು, ಮೊದಲು ಸಾಹೇಬರಿಗೆ ನೀರು ಕೊಟ್ಟಳು, ಆಮೇಲೆ ನನಗೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನಿಂದ ಎಷ್ಟೋ ತಾಪತ್ರಯ ಸಹಿಸಿದ್ದಾಳೆ. ಇದೊಂದು ಅವಳ ಪಾಲಿಗೆ ಬರದಂತೆ ತಪ್ಪಿಸಿದವರು ಸಾಹೇಬರು.

ಮುಂದಿನ ವಾರ ಅವರೇ ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಬೇರೊಂದು ಚಕ್ರ ತಂದರು. ತಟ್ಟಿದರೆ ಖಣಖಣ ಎಂದಿತು. ನಮ್ಮಿಬ್ಬರನ್ನೂ ಬದಿಗೆ ಸರಿಸಿ, ಕವಚ ಮುಚ್ಚಿಸಿ, ತಾವೇ ಗುಂಡಿ ಒತ್ತಿದರು. ಚಕ್ರ ವೇಗ ಹಿಡಿಯಿತು, ಮೇಜಿನ ಮೇಲಿನ ಕಬ್ಬಿಣಕ್ಕೆ ತಾಗಿ ಕಿಡಿಗಳ ಸಣ್ಣ ಸಾಲು ಹಾರಿತು. ಸಾಹೇಬರು ಯಂತ್ರದ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತಿನ ಮೇಲೆ ಕೈ ತೆಗೆದು, "ಆತು," ಎಂದರು.

ಈಗ ಗುರುವಾರಕ್ಕೊಮ್ಮೆ ಬರುತ್ತಾರೆ. ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ವಿಮಲಾ ಅವರಿಗೆ ದೊಡ್ಡ ಲೋಟದಲ್ಲಿ ಚಹಾ ಕೊಡುತ್ತಾಳೆ, ನನಗೆ ಉಳಿದದ್ದು. ಎಲ್ಲಿ ನಿಲ್ಲಬೇಕು, ಎಷ್ಟು ಇಳಿಸಬೇಕು ಎಂದು ಅವರು ಹೇಳುತ್ತಾರೆ, ನಾನು ಹಿಡಿ ತಿರುಗಿಸುತ್ತೇನೆ. ಮೊನ್ನೆ ಹೊನ್ನಾವರದಿಂದ ಒಬ್ಬರು ಇಂಜಿನ್ನಿನ ತುಂಡೊಂದನ್ನು ಹಿಡಿದು ಸಾಹೇಬರನ್ನು ಹುಡುಕಿಕೊಂಡು ಬಂದರು. ಎಣ್ಣೆ ಮೆತ್ತಿದ ನನ್ನ ಬನಿಯನ್ನನ್ನು ನೋಡಿ, ನೀವು ಇಲ್ಲಿ ಕೆಲಸಕ್ಕೆ ಇರುವುದೋ ಎಂದು ಕೇಳಿದರು.

"ಹೌದು," ಎಂದೆ, "ಈಚೆಗೆ ಸೇರಿದ್ದು."