ನಾನು ಹಾಲಿನ ಧಾರಣೆ ಏರಿಸಿದ ಪ್ರಸಂಗ

ದೆಹಲಿಯಲ್ಲಿ ಹಾಲಿನ ಧಾರಣೆ ಏರಿದೆ ಎಂಬ ಸಂಗತಿಯನ್ನು ಇಡೀ ಕಂಪಲಾಪುರದಲ್ಲಿ ಮೊಟ್ಟಮೊದಲು ತಿಳಿದುಕೊಂಡವನು ನಾನು. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಎಪ್ಪತ್ತರ ದಶಕ ಆಗತಾನೇ ಶುರುವಾಗಿದ್ದ ಕಾಲ. ನಮ್ಮ ಊರಿಗೆ ಬರುತ್ತಿದ್ದ ಪತ್ರಿಕೆ ಒಂದೇ. ಅದು ಬಸ್ಸಿನಿಂದ ಇಳಿಯುತ್ತಿದ್ದದ್ದು ನಂಜಪ್ಪನ ಹೋಟೆಲಿನ ಮುಂದೆ. ಬೆಳಗಿನ ಹೊತ್ತು ಅಲ್ಲಿ ಕೂತು ಅದನ್ನು ಕೊನೆಯ ಪುಟದವರೆಗೂ ಓದುವಷ್ಟು ಬಿಡುವು ಇದ್ದದ್ದು ನನಗೊಬ್ಬನಿಗೆ. ಉಳಿದವರು ಹೊಲಕ್ಕೆ ಹೋಗುತ್ತಿದ್ದರು. ನನಗೂ ಹೊಲ ಇತ್ತು, ಆದರೆ ಜೊತೆಗೆ ದೇಶದ ಚಿಂತೆಯೂ ಇತ್ತು.

ಒಳಪುಟದ ಒಂದು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ದೆಹಲಿ, ಮುಂಬಯಿ, ಕಲಕತ್ತೆಗಳಲ್ಲಿ ಹಾಲಿಗೆ ಬೇಡಿಕೆ ಹೆಚ್ಚಿದೆ, ಧಾರಣೆ ಏರುಮುಖವಾಗಿದೆ. ಏರುಮುಖ! ನಾನು ಕೈಯಲ್ಲಿದ್ದ ಕಾಫಿಯನ್ನು ನೋಡಿದೆ. ಅದರೊಳಗಿನ ಹಾಲು ನಮ್ಮ ಎಮ್ಮೆಯದು. ನಂಜಪ್ಪ ಹೋಟೆಲಿಗೆ ಬೇಕಾದ ಹಾಲನ್ನೆಲ್ಲ ನಮ್ಮ ಬೀದಿಯ ಮನೆಗಳಿಂದಲೇ ಕೊಳ್ಳುತ್ತಿದ್ದ, ಮತ್ತು ನನಗೆ ನೆನಪಿರುವ ಕಾಲದಿಂದಲೂ ಒಂದೇ ಬೆಲೆ ಕೊಡುತ್ತಿದ್ದ. ಇಡೀ ಭಾರತದ ಹಾಲು ಮೇಲಕ್ಕೆ ಹೋಗುತ್ತಿರುವಾಗ ಕಂಪಲಾಪುರದ ಹಾಲು ಮಾತ್ರ ಜಗಲಿಯ ಮೇಲೆ ಕೂತಿತ್ತು. ಈ ಅನ್ಯಾಯವನ್ನು ಸರಿಪಡಿಸಲು ನಾನೇ ಹುಟ್ಟಿದ್ದೇನೆ ಅನ್ನಿಸಿತು.

ಆದರೆ ಆ ಹಾಲು ನನ್ನದಾಗಿರಲಿಲ್ಲ. ಎಮ್ಮೆ ನನ್ನ ಹೆಂಡತಿ ಪುಟ್ಟಮ್ಮನದು, ತವರಿನಿಂದ ಅವಳ ಹಿಂದೆಯೇ ಬಂದದ್ದು. ಹೋಟೆಲಿಗೆ ದಿನಾ ತಪ್ಪದೆ ಹಾಲು ಹಾಕುವ ವರ್ತನೆಯನ್ನು ಹಿಡಿದವಳೂ ಅವಳೇ. ಆ ವರ್ತನೆಯನ್ನೇ ನಂಬಿಕೊಂಡು ಎನ್. ಬೇಗೂರಿನಲ್ಲಿದ್ದ ತನ್ನ ಅಣ್ಣನಿಗೆ, ಅವನ ಹಟ್ಟಿಯಲ್ಲಿದ್ದ ಗಬ್ಬದ ಎಮ್ಮೆಯೊಂದನ್ನು ಹಾಲಿನ ದುಡ್ಡಿನಲ್ಲಿ ತಿಂಗಳಿಗಿಷ್ಟೆಂದು ತೀರಿಸುವ ಕರಾರಿನ ಮೇಲೆ ತಾನೇ ಕೊಳ್ಳುವುದಾಗಿ ಮಾತು ಕೊಟ್ಟಿದ್ದಳು. ಆ ಎಮ್ಮೆಯ ವಿಷಯ ಬಂದಾಗಲೆಲ್ಲ ಅವಳ ಮುಖ ಅರಳುತ್ತಿತ್ತು. ನನ್ನ ವಿಷಯ ಬಂದಾಗ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ.

ಇಷ್ಟಾದರೂ ನನಗೆ ಧೈರ್ಯ ಬಂದದ್ದು ಹೊಗೆಸೊಪ್ಪಿನಿಂದ. ಹಿಂದಿನ ವರ್ಷ ಎಲ್ಲರೂ ಸಿಕ್ಕಿದ ಬೆಲೆಗೆ ಸೊಪ್ಪು ಕೊಟ್ಟು ಕೈತೊಳೆದುಕೊಂಡಾಗ ನಾನೊಬ್ಬ ಸೊಪ್ಪನ್ನು ಅಟ್ಟದ ಮೇಲೆ ಹಿಡಿದಿಟ್ಟಿದ್ದೆ. ನಿಜ ಹೇಳಬೇಕೆಂದರೆ, ಗಾಡಿ ಸಿಕ್ಕಿರಲಿಲ್ಲ. ಆಮೇಲೆ ಬೆಲೆ ಏರಿತು. ಅಂದಿನಿಂದ ಊರಿನಲ್ಲಿ ನನ್ನನ್ನು ವ್ಯಾಪಾರದ ಮರ್ಮ ಬಲ್ಲವನೆಂದು ಕರೆಯತೊಡಗಿದರು, ನಾನು ಗಾಡಿಯ ಮಾತು ಎತ್ತಲಿಲ್ಲ. ಮರ್ಮ ಬಹಳ ಸುಲಭ: ಬೆಲೆ ಏರುವ ತನಕ ಮಾಲು ಬಿಡಬೇಡ.

ಮನೆಗೆ ಬಂದು ಪುಟ್ಟಮ್ಮನಿಗೆ ದೇಶದ ಹಾಲಿನ ಸ್ಥಿತಿಗತಿಯನ್ನು ವಿವರಿಸಿದೆ. ನಾಳೆಯಿಂದ ಹೋಟೆಲಿಗೆ ಹಾಲು ಹಾಕಕೂಡದು, ಹಿಡಿದಿಡಬೇಕು, ನಂಜಪ್ಪ ತಾನಾಗಿ ಕಾಲಿಗೆ ಬೀಳುತ್ತಾನೆ ಎಂದೆ. ಅವಳು ಸಗಣಿ ಬಾಚುತ್ತಿದ್ದವಳು ಹಾಗೇ ನಿಂತು ನನ್ನನ್ನು ನೋಡಿದಳು.

“ಅಲ್ಲ ಕಣ್ರೀ, ಹೊಗೆಸೊಪ್ಪಾದ್ರೆ ಅಟ್ಟದ ಮ್ಯಾಲೆ ಮಡಗಬೌದು. ಹಾಲ ಎಲ್ಲಿ ಮಡಗೀರಿ?”

ಇದು ಸಣ್ಣ ತಾಂತ್ರಿಕ ತೊಡಕು ಎಂದೆ. ಹಾಲು ಕೆಟ್ಟರೆ ಮೊಸರು, ಮೊಸರು ಕಡೆದರೆ ಬೆಣ್ಣೆ, ಬೆಣ್ಣೆ ಕಾಯಿಸಿದರೆ ತುಪ್ಪ. ತುಪ್ಪಕ್ಕೆ ಸಾವಿಲ್ಲ. ವರ್ತನೆ ಒಂದು ಸಲ ಕೈತಪ್ಪಿದರೆ ಮತ್ತೆ ಸಿಗುವುದಿಲ್ಲ, ಅಣ್ಣನಿಗೆ ಕೊಟ್ಟ ಮಾತು ಏನಾಗಬೇಕು ಎಂದು ಅವಳು ಕೇಳಿದಳು. ಏರಿದ ಧಾರಣೆಯಲ್ಲಿ ಎರಡು ಎಮ್ಮೆ ಕೊಳ್ಳುವಿಯಂತೆ ಎಂದು ಭರವಸೆ ಕೊಟ್ಟೆ. ಅವಳು ಮತ್ತೆ ಸಗಣಿ ಬಾಚತೊಡಗಿದಳು. ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಬೀದಿಯವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಹೊಗೆಸೊಪ್ಪಿನ ಕೀರ್ತಿ ಸಾಕಾಗಿತ್ತು. ಪಕ್ಕದ ಮನೆಯ ದೊಡ್ಡತಾಯಮ್ಮ, ವಯಸ್ಸಾದ ಹೆಂಗಸು, ಮೊಣಕಾಲು ನೋವಿನವಳು, ಹೋಟೆಲಿನವರೆಗೆ ನಡೆಯುವುದು ತಪ್ಪುತ್ತದೆಂಬ ಒಂದೇ ಕಾರಣಕ್ಕೆ ಎಲ್ಲರಿಗಿಂತ ಮೊದಲು ಸೈ ಎಂದಳು. ನಾನು ಹೋಗಿ ನಂಜಪ್ಪನಿಗೆ ಗಂಭೀರವಾಗಿ ತೀರ್ಮಾನ ತಿಳಿಸಿದೆ. ಅವನು ಬೆಂಚು ಒರೆಸುತ್ತಲೇ ಕೇಳಿಸಿಕೊಂಡ.

“ದೆಲ್ಲಿ ಧಾರಣೆ ದೆಲ್ಲಿಯೋರು ಕೊಡ್ತಾರೆ ಯಜಮಾನ್ರೆ. ನನ್ನ ಹೋಟ್ಲಿಗೆ ಬರೋರು ಪಿರಿಯಾಪಟ್ಣದೋರು” ಎಂದ.

ಇವನಿಗೆ ದೇಶದ ಮಾರುಕಟ್ಟೆ ಅರ್ಥವಾಗುವುದಿಲ್ಲ ಎಂದುಕೊಂಡು ಎದ್ದು ಬಂದೆ. ಅಂದಿನ ಕಾಫಿಯನ್ನು ಅರ್ಧಕ್ಕೇ ಬಿಟ್ಟದ್ದು ಪ್ರತಿಭಟನೆಯ ಮೊದಲ ಹೆಜ್ಜೆ.

ಮರುದಿನ ಬೀದಿಯ ಹಾಲೆಲ್ಲ ಬೀದಿಯಲ್ಲೇ ಉಳಿಯಿತು. ಅದರ ಮರುದಿನ ಅದು ಮೊಸರಾಯಿತು. ಕತ್ತಲು ಹರಿಯುವ ಮುನ್ನವೇ ಮನೆಮನೆಯಲ್ಲೂ ಕಡೆಗೋಲಿನ ಸದ್ದು. ಬೆಣ್ಣೆ ಬಂತು, ಸಂತೋಷ. ಬೆಣ್ಣೆಯ ಜೊತೆಗೆ ಮಜ್ಜಿಗೆಯೂ ಬಂತು. ಗಡಿಗೆಗಟ್ಟಲೆ ಮಜ್ಜಿಗೆ! ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮ ಕಡೆ ಹಾಲು ಮಾರಬಹುದು, ಬೆಣ್ಣೆ ಮಾರಬಹುದು, ಮಜ್ಜಿಗೆ ಮಾತ್ರ ಮಾರಬಾರದು. ಕೇಳಿ ಬಂದವರಿಗೆ ಇಲ್ಲ ಎನ್ನಲೂ ಬಾರದು. ದೀಪ ಹಚ್ಚುವ ಹೊತ್ತಿನವರೆಗೆ ಯಾರು ಚೊಂಬು ಹಿಡಿದು ಬಾಗಿಲಿಗೆ ಬಂದರೂ ಹುಯ್ದು ಕಳಿಸಬೇಕು, ಇಲ್ಲದಿದ್ದರೆ ಎಮ್ಮೆ ಬತ್ತುತ್ತದೆ ಎಂದು ಹಿರಿಯರ ಮಾತು. ಬೇಸಿಗೆ ಬೇರೆ. ಸುದ್ದಿ ಹಬ್ಬಿತು. ಮೇಲಿನ ಬೀದಿಯವರು ಬಂದರು, ಕೆಳಗಿನ ಬೀದಿಯವರು ಬಂದರು, ನನ್ನ ಮೇಲೆ ದಾವಾ ಹೂಡಿದ್ದ ದಾಯಾದಿಯೂ ಬಂದ. ಪುಟ್ಟಮ್ಮ ಬಗ್ಗಿ ಬಗ್ಗಿ ಹುಯ್ದಳು. ನಾನು ಜಗಲಿಯ ಮೇಲೆ ಕೂತು ಎಲ್ಲರಿಗೂ ದೆಹಲಿಯ ಧಾರಣೆ ಹೇಳಿದೆ. ಯಾರೂ ಅದನ್ನು ಚೊಂಬಿನಲ್ಲಿ ತುಂಬಿಕೊಂಡು ಹೋಗಲಿಲ್ಲ.

ಹೀಗಿರಲು ಒಂದು ಬೆಳಿಗ್ಗೆ ಖುದ್ದು ನಂಜಪ್ಪನೇ ಬಂದ. ಕೈಯಲ್ಲಿ ಸಣ್ಣದೊಂದು ಚೊಂಬು, ಅದನ್ನೂ ಟವೆಲಿನಡಿ ಮರೆಮಾಡಿಕೊಂಡಿದ್ದ. ಪುಟ್ಟಮ್ಮ ಹಿತ್ತಿಲಲ್ಲಿದ್ದಳು. ನಂಜಪ್ಪ ಜಗಲಿಯ ತುದಿಯಲ್ಲಿ ಕೂತ. ಬಿಸಿಲು ಜಾಸ್ತಿ ಎಂದ. ಮಳೆ ತಡವಾಗಬಹುದು ಎಂದ. ನಾನು ಗೆಲುವಿನ ಗತ್ತಿನಲ್ಲಿ ಹೂಂಗುಟ್ಟಿದೆ. ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ಅವನು ಕೇಳಿದ.

“ಎಮ್ಮೆ ಎಂಗೆ ಕರೀತದೆ ಯಜಮಾನ್ರೆ? ಈಗ ಹಿಂಡಿ ಬೂಸಾನೂ ದುಬಾರಿ ಬುಡಿ. ಸಾಕೋದು ಕಷ್ಟನೆಯ.”

ಅವನು ಇಷ್ಟು ಹೇಳುವಷ್ಟರಲ್ಲಿ ನನ್ನ ನಾಲಿಗೆಯ ತುದಿಗೆ ಗಾದೆಯೊಂದು ಬಂದು ನಿಂತಿತು. ಗಾದೆ ಬಂದರೆ ನನಗೆ ತಡೆಯಲಾಗುವುದಿಲ್ಲ.

“ಮಜ್ಜಿಗೆಗೆ ಬಂದೋರಿಗೆ ಎಮ್ಮೆ ಕ್ರಯ ಯಾಕೆ ನಂಜಪ್ಪ?” ಎಂದು ಬೀದಿಗೆ ಕೇಳುವಂತೆ ನಕ್ಕೆ. ಅವನ ಕೈಯಿಂದ ಚೊಂಬು ಕಿತ್ತುಕೊಂಡು, ಒಳಗಿನಿಂದ ಅಂಚಿನವರೆಗೆ ಮಜ್ಜಿಗೆ ತುಂಬಿಸಿ ತಂದುಕೊಟ್ಟೆ. ಸಂಕೋಚ ಬೇಡ, ನಾಳೆಯೂ ಬಾ ಎಂದೆ. ನಂಜಪ್ಪ ಚೊಂಬನ್ನು ನೋಡಿದ, ನನ್ನನ್ನು ನೋಡಿದ. ಚೊಂಬನ್ನು ಮತ್ತೆ ಟವೆಲಿನಡಿ ಮರೆಮಾಡಿಕೊಂಡು ಹೋದ. ಶತ್ರುವಿಗೂ ಮಜ್ಜಿಗೆ ಹುಯ್ದ ನನ್ನ ಔದಾರ್ಯಕ್ಕೆ ಅವನು ಕರಗಿ ಹೋಗಿರಬೇಕು ಎಂದು ನಾನು ಭಾವಿಸಿದೆ.

ಮರುದಿನವೂ ಬಂದ. ಈ ಸಲ ಚೊಂಬಲ್ಲ, ಬಿಂದಿಗೆ. ನಮ್ಮ ಮನೆಗೆ ಮಾತ್ರವಲ್ಲ, ಬೀದಿಯ ಎಲ್ಲ ಮನೆಗಳಿಗೂ. ಯಾರೂ ಇಲ್ಲ ಎನ್ನುವ ಹಾಗಿಲ್ಲವಲ್ಲ! ಆಮೇಲೆ ದಿನಾ ಬಂದ.

ಅವನಿಗೆ ಇಷ್ಟೊಂದು ಮಜ್ಜಿಗೆ ಯಾಕೆ ಎಂದು ನೋಡಿ ಬರೋಣವೆಂದು ಮಧ್ಯಾಹ್ನ ಹೋಟೆಲಿನ ಕಡೆ ಹೋದೆ. ಮಡಿಕೇರಿಗೆ ಹೋಗುವ ಬಸ್ಸು ನಿಂತಿತ್ತು. ಪ್ರಯಾಣಿಕರೆಲ್ಲ ಕೆಳಗಿಳಿದು ಲೋಟ ಹಿಡಿದು ನಿಂತಿದ್ದರು. ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು ಜಜ್ಜಿ ಹಾಕಿದ ತಣ್ಣನೆಯ ಮಜ್ಜಿಗೆ. ನಾವು ಮಾರಬಾರದ್ದನ್ನು ಅವನು ಮಾರುತ್ತಿದ್ದ. ಅವನಿಗೆ ಎಮ್ಮೆ ಇರಲಿಲ್ಲ, ಆದ್ದರಿಂದ ಬತ್ತುವ ಭಯವೂ ಇರಲಿಲ್ಲ.

ಕಾಫಿಗೆ ಏನು ಮಾಡುತ್ತೀಯ ಎಂದು ಕೇಳಿದೆ. ಮೈಸೂರಿನಿಂದ ತರಿಸಿದ ಹಾಲಿನ ಪುಡಿಯ ಡಬ್ಬಿಯನ್ನು ತೆಗೆದು ನನ್ನ ಮುಂದಿಟ್ಟ. ಅದರ ಮೇಲೆ ಉತ್ತರದ ಯಾವುದೋ ಊರಿನ ಹೆಸರಿತ್ತು.

“ನಿಮ್ಮ ದೆಲ್ಲಿ ಕಡೆ ಹಾಲೇ ಕಣ್ರೀ ಇದು. ನಾವು ಅಲ್ಲಿಗಂಟ ಹೋಗದು ಬ್ಯಾಡ ಅಂತ ಅದೇ ಬಂದೈತೆ” ಎಂದ ನಂಜಪ್ಪ. ನಗಲೂ ಇಲ್ಲ. ದೇಶದ ಮಾರುಕಟ್ಟೆ ಅವನಿಗೆ ನನಗಿಂತ ಬೇಗ ಅರ್ಥವಾಗಿತ್ತು.

ಆದರೂ ನನ್ನಲ್ಲಿ ತುಪ್ಪ ಇತ್ತು. ತುಪ್ಪಕ್ಕೆ ಸಾವಿಲ್ಲ ಎಂದಿದ್ದೆನಲ್ಲ. ಸಂತೆಯ ದಿನ ತುಪ್ಪದ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಿರಿಯಾಪಟ್ಟಣದ ಬಸ್ಸು ಹತ್ತಿದೆ. ಹತ್ತಿ ನೋಡುತ್ತೇನೆ, ದೊಡ್ಡತಾಯಮ್ಮನ ತೊಡೆಯ ಮೇಲೂ ಗಡಿಗೆ. ಅವಳ ಹಿಂದಿನ ಸೀಟಿನಲ್ಲೂ ಗಡಿಗೆ. ಇಡೀ ಬಸ್ಸು ಘಮ್ಮೆನ್ನುತ್ತಿತ್ತು. ನಮ್ಮ ಬೀದಿಗೆ ಬೀದಿಯೇ ಒಂದೇ ದಿನ ಒಂದೇ ಸಂತೆಗೆ ತುಪ್ಪ ಹೊತ್ತು ಹೊರಟಿತ್ತು.

ಸಂತೆಯ ತುಪ್ಪದ ವ್ಯಾಪಾರಿ ಮೊದಲ ಗಡಿಗೆಗೆ ಒಂದು ಬೆಲೆ ಹೇಳಿದ. ಹಿಂದೆ ನಿಂತ ಸಾಲನ್ನು ನೋಡಿ ಎರಡನೆಯ ಗಡಿಗೆಗೆ ಇನ್ನೊಂದು ಹೇಳಿದ. ನನ್ನ ಸರದಿ ಬರುವ ಹೊತ್ತಿಗೆ, ಬೇಕಾದರೆ ಇಟ್ಟು ಹೋಗಿ ಎಂದ. ಹಾಲಿನ ಧಾರಣೆ ಏರಿಸಲು ಹೊರಟ ನಾನು ತಾಲ್ಲೂಕಿನ ತುಪ್ಪದ ಧಾರಣೆಯನ್ನು ಇಳಿಸಿದ್ದೆ! ಅಷ್ಟು ಜನರ ನಡುವೆ ದೊಡ್ಡತಾಯಮ್ಮ ಹೆಚ್ಚೇನೂ ಅನ್ನಲಿಲ್ಲ. “ಊರಿಗೊಂದು ದಾರಿಯಾದ್ರೆ ಎಡವಟ್ಟಂಗೇ ಒಂದು ದಾರಿ. ನಾನೂ ಅವನ ಇಂದೆ ಬಂದ್ನಲ್ಲ” ಎಂದು ತನ್ನ ಮೊಣಕಾಲನ್ನು ತಾನೇ ಬೈದುಕೊಂಡಳು. ಹಿಂದಿರುಗುವ ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇದ್ದರೂ ಯಾರೂ ಕೂರಲಿಲ್ಲ.

ಮನೆಗೆ ಬಂದರೆ ಬೇಗೂರಿನಿಂದ ಹೇಳಿಕೆ ಬಂದಿತ್ತು. ಎಮ್ಮೆಗೆ ದಿನ ತುಂಬುತ್ತಿದೆ, ಕೇರಳದ ಕಡೆಯ ಗಿರಾಕಿಯೊಬ್ಬ ಬಂದು ನೋಡಿಕೊಂಡು ಹೋಗಿದ್ದಾನೆ, ತಂಗಿಗೆ ಬೇಕೋ ಬೇಡವೋ ಅಮಾವಾಸ್ಯೆಯೊಳಗೆ ತಿಳಿಸಲಿ ಎಂದು. ಪುಟ್ಟಮ್ಮ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಸುಮ್ಮನೆ ಮಾರಾಟವಾಗದ ತುಪ್ಪದ ಗಡಿಗೆಯನ್ನು ಇಳಿಸಿಕೊಂಡು ಒಳಗಿಟ್ಟಳು. ಹೊಸ ಎಮ್ಮೆಗೆಂದು ಹೊಸೆದಿಟ್ಟಿದ್ದ ಹಗ್ಗವನ್ನು ಗೂಟದಿಂದ ಬಿಚ್ಚಿ ಸುತ್ತಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ಹೋಗಿ ನಂಜಪ್ಪನ ಕೈಕಾಲು ಹಿಡಿಯುತ್ತೇನೆ ಎಂದೆ.

“ನೀವು ಎಲ್ಲಿಗೂ ಓಗಬ್ಯಾಡಿ. ಕೂತ್ಕಳಿ” ಎಂದಳು.

ಸೆರಗು ಹೊದ್ದು ಹೊರಟಳು, ನಂಜಪ್ಪನ ಹೋಟೆಲಿಗಲ್ಲ, ಅವನ ಮನೆಗೆ. ಅವನ ಹೆಂಡತಿಯ ಜೊತೆ ಮಾತಾಡಿಕೊಂಡು, ಎಲೆಅಡಿಕೆ ಹಾಕಿಕೊಂಡು, ಬಾಯಿ ಕೆಂಪಗೆ ಮಾಡಿಕೊಂಡು ಬಂದಳು. ಬಂದವಳು ನನ್ನ ಎದುರಿಗೆ ಕೂತಳು.

“ಅವತ್ತು ನಂಜಪ್ಪ ಚೊಂಬು ಇಡ್ಕೊಂಡು ಬಂದಿದ್ದು ಮಜ್ಜಿಗೆಗಲ್ಲ ಕಣ್ರೀ. ಧಾರಣೆ ಮಾತಾಡಕೆ. ಬರಿಗೈಲಿ ಬಂದ್ರೆ ಸೋತಂಗೆ ಆಯ್ತದೆ ಅಂತ ಚೊಂಬು ತಂದಿದ್ದ. ಹಿಂಡಿ ಬೂಸಾ ದುಬಾರಿ ಅಂತ ಅವನೇ ಬಾಯಿ ಬುಟ್ಟು ಏಳಿದ್ಮ್ಯಾಲೆ ಇನ್ನೇನು ಏಳಬೇಕಿತ್ತು? ನೀವು ಗಾದೆ ಏಳಿ ಮಜ್ಜಿಗೆ ತುಂಬಿ ಕಳಿಸಿದ್ರಿ.”

ಬಾಯಿಬಿಟ್ಟು ಕೇಳಲಾಗದ್ದನ್ನು ಚೊಂಬಿನ ನೆಪದಲ್ಲಿ ಕೇಳುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಮ್ಮ ಮದುವೆಯ ಮಾತು ಎತ್ತಲು ನನ್ನ ತಾಯಿಯೇ ಚೊಂಬು ಹಿಡಿದು ಹೋಗಿದ್ದಳು. ಪುಡಿಹಾಲಿನ ಕಾಫಿ ಕುಡಿಯಲಾರದೆ ಬಸ್ಸಿನ ಡ್ರೈವರುಗಳು, ಇನ್ನು ಬಸ್ಸನ್ನು ಬೇರೆ ಕಡೆ ನಿಲ್ಲಿಸುತ್ತೇವೆ ಎಂದು ಮೂರನೆಯ ದಿನವೇ ಹೆದರಿಸಿದ್ದರಂತೆ. ನಂಜಪ್ಪ ಸೋಲಲು ಸಿದ್ಧನಾಗಿ ನನ್ನ ಜಗಲಿಗೇ ಬಂದಿದ್ದ. ಗೆಲುವು ಬಂದು ಬಾಗಿಲಲ್ಲಿ ಕೂತಾಗ ನಾನು ಅದಕ್ಕೆ ಮಜ್ಜಿಗೆ ಕುಡಿಸಿ ಕಳಿಸಿದ್ದೆ.

ಮಜ್ಜಿಗೆ ಎಷ್ಟೇ ಮಾರಿದರೂ ಡ್ರೈವರುಗಳ ಕಾಫಿಗೆ ನಂಜಪ್ಪನಿಗೆ ಹಾಲು ಬೇಕೇ ಇತ್ತು. ಪುಟ್ಟಮ್ಮ ಆ ಎಲೆಅಡಿಕೆಯ ಹೊತ್ತಿನಲ್ಲೇ ಮಾತು ಮುಗಿಸಿದ್ದಳು. ವರ್ತನೆ ಮತ್ತೆ ಶುರು, ಇಡೀ ಬೀದಿಗೆ, ಹೊಸ ಧಾರಣೆಯಲ್ಲಿ. ಅದು ದೆಹಲಿಯ ಧಾರಣೆಯಲ್ಲದಿದ್ದರೂ ಹಳೆಯದಕ್ಕಿಂತ ಚೆನ್ನಾಗಿಯೇ ಇತ್ತು. ಅಮಾವಾಸ್ಯೆಗೆ ಮುಂಚೆ ಬೇಗೂರಿನ ಎಮ್ಮೆ ನಮ್ಮ ಹಟ್ಟಿಗೆ ಬಂತು, ಹೊಸ ಹಗ್ಗ ಮತ್ತೆ ಗೂಟ ಕಂಡಿತು. ದೊಡ್ಡತಾಯಮ್ಮ ಹೋಟೆಲಿಗೆ ನಡೆಯಬೇಕಾಗಿ ಬಂದದ್ದಕ್ಕೆ ನನಗೆ ಶಾಪ ಹಾಕಿದಳಾದರೂ ಬೆಲೆ ಕೇಳಿ ವಾಪಸು ತೆಗೆದುಕೊಂಡಳು. ಒಟ್ಟಿನಲ್ಲಿ ನನ್ನ ಚಳವಳಿ ಸಂಪೂರ್ಣ ಯಶಸ್ವಿಯಾಯಿತು ಎಂದು ನಾನು ಜಗಲಿಯ ಮೇಲೆ ಕೂತು ತೀರ್ಮಾನಿಸಿದೆ.

ಹೊಸ ಎಮ್ಮೆ ಕರು ಹಾಕಿ, ಗಿಣ್ಣಿನ ದಿನಗಳು ಕಳೆದು, ಹಟ್ಟಿಯಲ್ಲಿ ಎರಡು ಎಮ್ಮೆಗಳೂ ಕೂಡಿ ಕರೆಯತೊಡಗಿದವು. ಒಂದು ಬೆಳಿಗ್ಗೆ ಪುಟ್ಟಮ್ಮ ನನ್ನ ಮುಂದೆ ಕಾಫಿ ಇಟ್ಟಳು. ಕಪ್ಪಗಿತ್ತು. ಹಾಲು ಮರೆತೆಯಾ ಎಂದೆ.

“ಈ ಧಾರಣೇಲಿ ಮನೇಲಿ ಹಾಲು ಕುಡಿಯಕಾಯ್ತದಾ?” ಎಂದಳು, ತಂಬಿಗೆಗಳನ್ನು ಎತ್ತಿಕೊಂಡು ಹೋಟೆಲಿನ ಕಡೆ ಹೊರಟಳು.

ಎಲ್ಲ ಮನೆಗಳಲ್ಲೂ ಹೀಗೇ ಆಗಿತ್ತು. ಹಾಲು ಅಗ್ಗವಾಗಿದ್ದಾಗ ಮಕ್ಕಳು ಮರಿ ಕುಡಿದು ಮಿಕ್ಕದ್ದು ಹೋಟೆಲಿಗೆ ಹೋಗುತ್ತಿತ್ತು. ಈಗ ಹೋಟೆಲಿಗೆ ಹೋಗಿ ಮಿಕ್ಕದ್ದು ಮನೆಗೆ, ಮತ್ತು ಮಿಗುತ್ತಿರಲಿಲ್ಲ. ಎರಡು ದಿನ ಕಪ್ಪು ಕಾಫಿ ಕುಡಿದೆ. ಮೂರನೆಯ ದಿನ ಮಾನ ಬಿಟ್ಟು ನಂಜಪ್ಪನ ಹೋಟೆಲಿನ ಬೆಂಚಿನ ಮೇಲೆ ಹೋಗಿ ಕೂತೆ. ಅವನು ಹಳೆಯದನ್ನು ಎತ್ತಲಿಲ್ಲ, ಮರ್ಯಾದೆಯಿಂದಲೇ ಕಾಫಿ ತಂದಿಟ್ಟ. ಕಾಫಿಗೆ ಈಗ ಬೆಲೆ ಜಾಸ್ತಿಯಾಗಿದೆ ಎಂದು ಮೊದಲೇ ತಿಳಿಸಿದ. ಯಾಕೆ ಎಂದು ನಾನು ಕೇಳಲಿಲ್ಲ.

ನಮ್ಮ ಎಮ್ಮೆಯ ಹಾಲಿನ ಕಾಫಿಯನ್ನು ಏರಿದ ಬೆಲೆ ತೆತ್ತು ಕುಡಿದೆ. ರುಚಿಯಾಗಿಯೇ ಇತ್ತು. ಹಾಲಿಗೆ ನೀರು ಮಾತ್ರ ಸ್ವಲ್ಪ ಹೆಚ್ಚಾಗಿತ್ತು. ಅದನ್ನು ಬೆರೆಸಿದ್ದು ಹೋಟೆಲಿನಲ್ಲೋ, ನಮ್ಮ ಮನೆಯಲ್ಲೋ ಎಂದು ವಿಚಾರಿಸುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.